ಆಂಬುಲೆನ್ಸ್ ಬರುವ ಮುಂಚಿನ ಹದಿನೈದು ನಿಮಿಷ

ನಾನು 108 ಆಂಬುಲೆನ್ಸಿನಲ್ಲಿ ಇಎಂಟಿ, ಅಂದರೆ ಗಾಡಿಯಲ್ಲೇ ತುರ್ತು ಚಿಕಿತ್ಸೆ ಕೊಡುವವನು. ಶಿರಾದಿಂದ ಹಿರಿಯೂರು ಕಡೆ ಹೋಗುವ ಹೆದ್ದಾರಿಯಲ್ಲಿ ನಮ್ಮ ಗಾಡಿ ಓಡುತ್ತದೆ. ಗಾಡಿಯಲ್ಲಿ ಇಬ್ಬರೇ, ನಾನು ಮತ್ತು ಪೈಲಟ್. ಡ್ರೈವರನ್ನು ನಾವು ಪೈಲಟ್ ಅಂತಲೇ ಕರೆಯುವುದು. ಹನ್ನೆರಡು ಗಂಟೆ ಪಾಳಿ, ತಿಂಗಳಿಗೆ ಸಂಬಳ.

ಕಾಲ್ ಬಂದ ಮೇಲೆ ಎಷ್ಟೇ ಜೋರಾಗಿ ಹೋದರೂ ಕೆಲವು ಕಡೆ ತಲುಪಲು ಹದಿನೈದು ನಿಮಿಷ ಬೇಕು. ಉಸಿರು, ಎದೆಬಡಿತ ನಿಂತವರಿಗೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಅಷ್ಟು ಹೊತ್ತು ಅಲ್ಲಿ ಯಾರಿರುತ್ತಾರೋ ಅವರೇ ಗತಿ. ಎಷ್ಟೋ ಸಲ ಒಳ್ಳೆ ಮನಸ್ಸಿನಿಂದಲೇ ತಪ್ಪು ಮಾಡಿರುತ್ತಿದ್ದರು. ಅರೆಪ್ರಜ್ಞೆಯಲ್ಲಿದ್ದವರ ಬಾಯಿಗೆ ನೀರು ಹಾಕುವುದು, ಕೈಕಾಲು ಹಿಡಿದು ಎತ್ತಿ ಆಟೋಗೆ ತುಂಬುವುದು. ಬೈದು ಪ್ರಯೋಜನವಿಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿಲ್ಲವಲ್ಲ.

ಹಾಗಾಗಿ ರಜೆ ಇದ್ದ ಸಂಜೆ ಪಂಕ್ಚರ್ ಅಂಗಡಿ ಹತ್ತಿರ ಐದು ಜನರನ್ನು ಕೂರಿಸಿಕೊಂಡೆ. ಅಂಗಡಿಯವರು, ಟೀ ಹೋಟೆಲಿನವರು, ಇಬ್ಬರು ಆಟೋ ಡ್ರೈವರ್‌ಗಳು, ಊರಿನ ಆಶಾ ಅಕ್ಕ. ಆಶಾ ಅಕ್ಕನಿಗೆ ಸಂಬಳ ಅಂತ ಇಲ್ಲ, ಬರುವುದು ಗೌರವಧನ, ಪ್ರೋತ್ಸಾಹಧನ. ದಿನವಿಡೀ ದುಡಿಯುವ ಅವರನ್ನು ಇನ್ನೂ ಸ್ವಯಂಸೇವಕಿ ಅಂತ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಎದೆಬಡಿತ ನಿಂತವರ ಎದೆ ಒತ್ತುವುದನ್ನು ಕಲಿಸಲು ಬೊಂಬೆ ಇರಲಿಲ್ಲ. ಅಂಗಡಿಯವರೇ ಹಳೇ ಸ್ಕೂಟರ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ, ಮಡಚಿ, ಗೋಣಿಚೀಲದಲ್ಲಿ ಕಟ್ಟಿಕೊಟ್ಟರು. ಅದನ್ನು ನೆಲಕ್ಕಿಟ್ಟು, ಮೊಣಕಾಲೂರಿ, ಮೊಣಕೈ ಮಡಚದೆ ಒತ್ತಬೇಕು. ಎರಡು ಇಂಚು ಕೆಳಗೆ ಹೋಗಬೇಕು, ಪೂರ್ತಿ ಮೇಲೆ ಬರಲು ಬಿಡಬೇಕು. ನಿಮಿಷಕ್ಕೆ 100ರಿಂದ 120 ಸಲ. ಮೊದಲ ನಿಮಿಷಕ್ಕೇ ಎಲ್ಲರೂ ಏದುಸಿರು ಬಿಟ್ಟರು. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅಂದೆ. ಆಗ ಅರ್ಥವಾಯಿತು.

ರಕ್ತದ ವಿಷಯಕ್ಕೆ ಒಂದೇ ಮಾತು ಹೇಳಿದೆ: ಬಟ್ಟೆ ಇಟ್ಟು ಒತ್ತಿ, ನಿಂತಿದೆಯಾ ಅಂತ ತೆಗೆದು ನೋಡಬೇಡಿ. ನೆನೆದರೆ ಮೇಲೆ ಇನ್ನೊಂದು ಬಟ್ಟೆ ಇಡಿ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಆಟೋ ಡ್ರೈವರ್ ಒಬ್ಬರು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ್ದಕ್ಕೆ ಅರ್ಧ ದಿನ ಅಲ್ಲೇ ಕೂರಬೇಕಾಯಿತು. ಹೆಸರು, ವಿಳಾಸ, ಪ್ರಶ್ನೆ ಮೇಲೆ ಪ್ರಶ್ನೆ. ಅವತ್ತಿನ ಬಾಡಿಗೆಯೂ ಹೋಯಿತು. "ಅಣ್ಣಾ, ಇನ್ಮೇಲೆ ನನ್ನ ಬಿಟ್ಬಿಡಿ" ಅಂದರು. ನನಗೆ ಅಳು ಬಂದಂಗಾಯಿತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಇದೆ. ಅಪಘಾತದಲ್ಲಿ ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಅವರು ತಾವಾಗಿ ಒಪ್ಪದೆ ಹೆಸರು ಹೇಳಬೇಕಾಗಿಲ್ಲ. ಇದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಐವರಿಗೂ ಕೊಟ್ಟೆ. ಮೊದಲೇ ಕೊಡಬೇಕಿತ್ತು. ಆ ಡ್ರೈವರ್ ಅದನ್ನು ತೆಗೆದುಕೊಂಡು ಹೋದರು, ಆದರೆ ಏನೂ ಮಾತಾಡಲಿಲ್ಲ.

ಮಳೆಗಾಲದ ಒಂದು ರಾತ್ರಿ, ಎರಡೂವರೆ ಹೊತ್ತಿಗೆ ಕಾಲ್. ಬೈಕ್ ಬಿದ್ದಿದೆ, ತೊಡೆಯಿಂದ ರಕ್ತ. ನಾವು ಹೋದಾಗ ಆಟೋ ಹೆಡ್‌ಲೈಟ್ ಹಾಕಿಕೊಂಡು ರಸ್ತೆಗೆ ಅಡ್ಡ ನಿಂತಿತ್ತು. ಅದೇ ಡ್ರೈವರ್. ಮಂಡಿಯೂರಿ, ಎರಡೂ ಕೈಯಿಂದ ಟವೆಲ್ ಒತ್ತಿ ಹಿಡಿದಿದ್ದರು. ಅದರ ಮೇಲೆ ಅವರದೇ ಖಾಕಿ ಶರ್ಟು. ಬನಿಯನ್ನಿನಲ್ಲಿ ನಡುಗುತ್ತಿದ್ದರು.

"ಕೈ ತೆಗ್ದಿಲ್ಲ ಅಣ್ಣಾ, ಒಂದ್ಸಲಾನೂ ತೆಗ್ದಿಲ್ಲ."

ನಾನು ಬ್ಯಾಂಡೇಜ್ ಬಿಗಿಯಾಗಿ ಕಟ್ಟಿದ ಮೇಲೆ "ಈಗ ತೆಗೀರಿ" ಅಂದೆ. ಬೆರಳು ಮರಗಟ್ಟಿ ಹೋಗಿದ್ದವು. ಒಂದೊಂದಾಗಿ ನಾನೇ ಬಿಡಿಸಬೇಕಾಯಿತು. ಗಾಯಾಳು ಹುಡುಗ ಮಾತಾಡುತ್ತಿದ್ದ, ನಾಡಿ ಸಿಗುತ್ತಿತ್ತು. ಆಕ್ಸಿಜನ್ ಹಾಕಿ ಹೊರಟೆವು. ಹುಡುಗ ಉಳಿದ.

ಬರಿಗೈಲಿ ರಕ್ತ ಮುಟ್ಟಿದ್ದಕ್ಕೆ ಮಾರನೇ ದಿನ ಡ್ರೈವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಾಪಸ್ ಬರುವಾಗ ಗ್ಲೌಸ್ ಡಬ್ಬಿ ಐದು ಕೊಂಡೆ, ಒಬ್ಬೊಬ್ಬರಿಗೆ ಒಂದೊಂದು. ಅವರದನ್ನು ಆಟೋದಲ್ಲಿ ಮೀಟರಿನ ಪಕ್ಕ, ಆ ಲ್ಯಾಮಿನೇಷನ್ ಹಾಳೆಯ ಕೆಳಗೆ ಸಿಕ್ಕಿಸಿಕೊಂಡಿದ್ದಾರೆ.