ತಿಂಗಳಿಗೆ ಐದುನೂರು ರೂಪಾಯಿ: ಅನುದಾನ ನಿಂತ ಮೇಲೆ ನಮ್ಮ ಸಂಸ್ಥೆ ನಡೆದ ಬಗೆ

ನಮ್ಮದು ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡುತ್ತಿದ್ದ ಸಂಸ್ಥೆ. ಹುಬ್ಬಳ್ಳಿಯಲ್ಲಿ ಈಗ ಸುಮಾರು 140 ಸಣ್ಣ ಘಟಕಗಳು, ಬಿಲ್ಲುಗಳ ಲೆಕ್ಕ ಇಟ್ಟು ಬಾಕಿಗೆ ಪತ್ರ ಬರೆದುಕೊಡುವುದಕ್ಕೆ ನಮಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿವೆ. ಎರಡು ವರ್ಷ ದಾಟಿತು. ನಡುವೆ ಬಿಟ್ಟು ಹೋದವರು ಹತ್ತು-ಹನ್ನೆರಡು ಮಂದಿ ಇರಬಹುದು. ಈ ಯೋಚನೆಯನ್ನು ನಮ್ಮವರದೇ ಸಭೆಯೊಂದರಲ್ಲಿ ಇಟ್ಟಾಗ, "ಊಟ ಹಾಕಿ, ಬಸ್ ಚಾರ್ಜ್ ಕೊಟ್ಟು ಕರದ್ರೂ ತರಬೇತಿಗೆ ಬರೂದಿಲ್ಲ, ನಿಮಗ ಯಾರು ರೊಕ್ಕ ಕೊಡ್ತಾರ್ರೀ ಸರ?" ಎಂದವರೇ ಮೊನ್ನೆ ಫೋನ್ ಮಾಡಿ, ಹೇಗೆ ಮಾಡಿದಿರಿ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಬದುಕು ಇಂಥದೇ ಸಂಸ್ಥೆ ನಡೆಸುವ ನಿಮ್ಮದರಂತೆಯೇ ಇತ್ತು. ಸರ್ಕಾರದ ತರಬೇತಿ ಬ್ಯಾಚು, ತಲೆಗೆ ಇಷ್ಟು ಎಂದು ಬಿಲ್ಲು, ವರ್ಷಕ್ಕೆ ಅಂದಾಜು 30 ಲಕ್ಷ. ಮೊದಲು ಬ್ಯಾಚು ಅರ್ಧವಾಯಿತು, ಆಮೇಲೆ ಬಿಲ್ಲಿಗೆ ಆಕ್ಷೇಪಣೆ, ಕೊನೆಗೆ ಯೋಜನೆಯ ಮುಂದುವರಿಕೆಯ ಆದೇಶವೇ ಬರಲಿಲ್ಲ. ಮಾಡಿ ಮುಗಿಸಿದ ಬ್ಯಾಚಿನ ಏಳೆಂಟು ಲಕ್ಷ ಒಂದು ವರ್ಷಕ್ಕೂ ಮೇಲೆ ನಿಂತಿತ್ತು. ಏಳು ಜನ ಸಿಬ್ಬಂದಿಯಲ್ಲಿ ಮೂವರು ಉಳಿದರು.

ಆಗ ಮೊದಲು ಹಿಡಿದದ್ದು ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣದ ದಾರಿ. ಅದಕ್ಕೆ ಬೇಕಾದ ನೋಂದಣಿಗಳು, ಸಿಎಸ್‌ಆರ್-1 ನಮೂನೆ, 12ಎ, 80ಜಿ ಎಲ್ಲ ಸರಿಯಿತ್ತು. ಬೆಂಗಳೂರಿಗೆ ಓಡಾಡಿದ್ದಕ್ಕೇ ಅರವತ್ತು-ಎಪ್ಪತ್ತು ಸಾವಿರ ಹೋಗಿರಬೇಕು. ಕೊನೆಗೆ ಒಂದು ಕಂಪನಿ ನಾಲ್ಕು ಲಕ್ಷದಷ್ಟು ಕೊಟ್ಟಿತು, ಅದೂ ಹೊಲಿಗೆ ಯಂತ್ರಕ್ಕೆ. ಯಂತ್ರ ಹಂಚುವ, ಆಮೇಲೆ ಹೋಗಿ ನೋಡಿ ಬರುವ ಜನರ ಸಂಬಳಕ್ಕೆ ಪೈಸೆ ಇಲ್ಲ. ತರಬೇತಿಗೆ 300 ರೂಪಾಯಿ ಶುಲ್ಕ ಇಟ್ಟೂ ನೋಡಿದೆವು: ನಲವತ್ತು ಕುರ್ಚಿ ಹಾಕಿಸಿದ ದಿನ ಆರು ಜನ ಬಂದರು. ಪಿಎಂಇಜಿಪಿ, ಅಂದರೆ ಹೊಸ ಘಟಕಕ್ಕೆ ಸಬ್ಸಿಡಿ ಸಾಲ ಕೊಡುವ ಕೇಂದ್ರದ ಯೋಜನೆಯ ಕಡತ ಮಾಡಿಕೊಡಲು ನಿಗದಿತ ದರ ಇಟ್ಟೆವು. ಬ್ಯಾಂಕು ತಿರಸ್ಕರಿಸಿದರೆ ಜನ ನಮ್ಮ ಬಾಗಿಲಿಗೆ ಬಂದರು. ಕೆಲವರಿಗೆ ಹಣ ಹಿಂದಿರುಗಿಸಿ ಆ ಕೆಲಸ ಬಿಟ್ಟೆವು.

ದಾರಿ ಸಿಕ್ಕಿದ್ದು ಗೋಕುಲ ರಸ್ತೆಯ ಒಂದು ಲೇತ್ ಅಂಗಡಿಯಲ್ಲಿ. ಮಾಲೀಕರಿಗೆ ಸಾಲ ಬೇಕಿತ್ತು. ಲೆಕ್ಕ ತೆಗೆದರೆ ದೊಡ್ಡ ಖರೀದಿದಾರನೊಬ್ಬನಲ್ಲಿ ಅವರದೇ ಮೂರೂವರೆ ಲಕ್ಷ ಹತ್ತಿರ ಹತ್ತಿರ ಒಂದು ವರ್ಷದಿಂದ ಕೂತಿದೆ. ಇವರಿಗೆ ಬೇಕಿದ್ದದ್ದು ಸಾಲವಲ್ಲ, ತಮ್ಮ ಬಾಕಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಮಗೆಲ್ಲ ಬಾಯಿಪಾಠ: ಖರೀದಿದಾರ ಹಣ ಕೊಡಲು ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ, ಮೀರಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಆದರೆ ಬಾಕಿಯ ದೂರನ್ನು ಸರ್ಕಾರದ ಸಮಾಧಾನ್ ಪೋರ್ಟಲ್‌ಗೆ ಹಾಕೋಣ ಎಂದ ಕೂಡಲೇ ಅವರು ಕೈ ಮುಗಿದರು. "ಕೇಸ್ ಹಾಕಿದ್ರ ಆರ್ಡರ್ ಹೋಗ್ತದ್ರೀ. ಬ್ಯಾಡ." ಆ ಭಯ ನಿಜವಾದದ್ದು. ಕಾಯ್ದೆ ತೋರಿಸಿ ಅದನ್ನು ಓಡಿಸಲು ಆಗುವುದಿಲ್ಲ.

ಹಾಗಾಗಿ ನಾವು ಜಗಳದ ದಾರಿ ಬಿಟ್ಟು ಲೆಕ್ಕದ ದಾರಿ ಹಿಡಿದೆವು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮದ (1961ರ ಕಾಯ್ದೆಯಲ್ಲಿ 43ಬಿ(ಎಚ್)) ಪ್ರಕಾರ ಸೂಕ್ಷ್ಮ, ಸಣ್ಣ ಘಟಕಕ್ಕೆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ ಖರೀದಿದಾರ ಆ ಖರ್ಚನ್ನು ಆ ವರ್ಷ ತೋರಿಸುವಂತಿಲ್ಲ. ಹಣ ಕೊಟ್ಟ ವರ್ಷಕ್ಕೇ ಅದು ಸಲ್ಲುತ್ತದೆ. ಮಾರ್ಚ್ 31 ಹತ್ತಿರ ಬಂದಂತೆ ಖರೀದಿ ವಿಭಾಗಕ್ಕಿಂತ ಅಕೌಂಟ್ಸ್ ವಿಭಾಗಕ್ಕೆ ಅದರ ಚಿಂತೆ ಹೆಚ್ಚು. ನಾವು ಪತ್ರ ಕಳಿಸುವುದು ಅಲ್ಲಿಗೇ. ಪತ್ರದಲ್ಲಿ ಬೇಡಿಕೆ ಇರುವುದಿಲ್ಲ, ಬೆದರಿಕೆ ಮೊದಲೇ ಇಲ್ಲ: ಬಾಕಿ ದೃಢೀಕರಣ, ಸಣ್ಣ ಘಟಕವೆಂದು ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರ, ಬಿಲ್ ಮತ್ತು ಚಲನ್ ದಿನಾಂಕಗಳ ಪಟ್ಟಿ, ಅಷ್ಟೇ. ಪತ್ರದ ಒಕ್ಕಣೆಯನ್ನೂ ಅದನ್ನು ಕಳಿಸುವ ವಾರವನ್ನೂ ಇಲ್ಲಿ ಹೇಳುವುದಿಲ್ಲ. ಅವು ನಮ್ಮ ಅನ್ನ. ಆ ಲೇತ್ ಅಂಗಡಿಗೆ ಮಾರ್ಚ್ ಮುಗಿಯುವುದರೊಳಗೆ ಮುಕ್ಕಾಲು ಪಾಲು ಬಂತು, ಉಳಿದದ್ದು ಮೇ ಹೊತ್ತಿಗೆ. ಆರ್ಡರ್ ಹೋಗಲಿಲ್ಲ.

ಅದಾದ ಮೇಲೆ ತಾರಿಹಾಳದಿಂದ ಅವರ ನೆಂಟರು, ನೆಂಟರ ಪಕ್ಕದ ಶೆಡ್ಡಿನವರು ಬಂದರು. ವಸೂಲಾದದ್ದರಲ್ಲಿ ಪಾಲು ಕೊಡುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಪಾಲು ಹಿಡಿದರೆ ನಾವು ವಸೂಲಿಯವರಾಗುತ್ತೇವೆ, ದೊಡ್ಡ ಕಂಪನಿಯ ಅಕೌಂಟ್ಸ್‌ನವರು ನಮ್ಮ ಪತ್ರ ನಂಬುವುದಿಲ್ಲ. ತಿಂಗಳಿಗೆ 500 ಎಂದೆ. ಅದಕ್ಕೆ ಬಿಲ್ಲುಗಳ ದಿನಾಂಕದ ಪುಸ್ತಕ ನಾವೇ ಇಡುತ್ತೇವೆ, ಉದ್ಯಮ್ ವಿವರ ಹೊಸದಾಗಿಡುತ್ತೇವೆ, ಪತ್ರ ಬರೆಯುತ್ತೇವೆ. ಒಂದು ಎಚ್ಚರಿಕೆ: ಸರಬರಾಜಿಗೆ ಮುಂಚೆಯೇ ಉದ್ಯಮ್ ನೋಂದಣಿ ಇರಬೇಕು, ಬರೀ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಇಲ್ಲ. ಇವೆರಡನ್ನು ನೋಡದೆ ಯಾರನ್ನೂ ಸದಸ್ಯರಾಗಿ ಸೇರಿಸಬೇಡಿ.

ಟ್ರಸ್ಟ್ ನಡೆಸುವವರು ಇನ್ನೊಂದನ್ನೂ ನೋಡಿಕೊಳ್ಳಿ. ಸಾರ್ವಜನಿಕ ಹಿತದ ಹೆಸರಿನಲ್ಲಿ ಆದಾಯ ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್‌ಗೆ ಇಂಥ ಶುಲ್ಕದ ಆದಾಯ ಒಟ್ಟು ಜಮೆಯ ಶೇ. 20 ಮೀರುವಂತಿಲ್ಲ. ಅನುದಾನ ನಿಂತ ಮೇಲೆ ನಮ್ಮ ಜಮೆಯೆಲ್ಲ ಶುಲ್ಕವೇ ಆಯಿತು. ಆದ್ದರಿಂದ ಪಕ್ಕದಲ್ಲಿ ಒಂದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿ ಶುಲ್ಕದ ಕೆಲಸವನ್ನೆಲ್ಲ ಅಲ್ಲಿಗೆ ಸಾಗಿಸಿದೆವು. ಆಡಿಟರ್ ಖರ್ಚು ಸೇರಿ ಇಪ್ಪತ್ತು ಸಾವಿರದ ಆಸುಪಾಸು.

ಸರ್ಕಾರದ ಹಣ ಪೂರ್ತಿ ಬತ್ತಿದೆ ಎಂದು ನಾನು ಹೇಳುವುದಿಲ್ಲ. ತಲೆ ಎಣಿಸಿ ಕೊಡುವುದು ಕಡಿಮೆಯಾಗಿದೆ, ಕೆಲಸ ಎಣಿಸಿ ಕೊಡುವುದು ಬಂದಿದೆ. ಸಣ್ಣ ಆಹಾರ ಘಟಕಗಳಿಗೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಎಫ್‌ಎಂಇಯನ್ನೇ ನೋಡಿ. ನಾವು ಹಿಡಿದಾಗ ಕೇಂದ್ರದ ಶೇ. 35ಕ್ಕೆ ರಾಜ್ಯದ ಶೇ. 15 ಸೇರಿ ಅರ್ಧಕ್ಕರ್ಧ ಸಬ್ಸಿಡಿ, ಗರಿಷ್ಠ 15 ಲಕ್ಷ ಇತ್ತು. ಘಟಕದವರಿಗೆ ಕಡತ ಮಾಡಿಕೊಡುವ ಸಂಪನ್ಮೂಲ ವ್ಯಕ್ತಿಗೆ ಮಂಜೂರಾದ ಪ್ರತಿ ಸಾಲಕ್ಕೆ 20,000, ಅರ್ಧ ಮಂಜೂರಾತಿಗೆ, ಅರ್ಧ ಘಟಕ ನೆಲೆಗೊಂಡ ಮೇಲೆ. ನಮ್ಮ ಹುಡುಗನೊಬ್ಬ ಇದನ್ನು ಹಿಡಿದು ಬ್ಯಾಡಗಿ ಸುತ್ತ ಖಾರದಪುಡಿ, ರೊಟ್ಟಿ, ಶಾವಿಗೆ ಘಟಕಗಳನ್ನು ಎಬ್ಬಿಸಿದ. ಎರಡು ವರ್ಷದಲ್ಲಿ ಮೂವತ್ತರ ಮೇಲೆ ಆಗಿವೆ.

ಅಲ್ಲಿಂದಲೇ ಇನ್ನೊಂದು ಪ್ರಯೋಗ ಹುಟ್ಟಿತು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಅದರ ಬಣ್ಣದಿಂದ. ಹೆಣ್ಣುಮಕ್ಕಳು ಪಾರದರ್ಶಕ ಕವರಿನಲ್ಲಿ ಪುಡಿ ತುಂಬಿ ಅಂಗಡಿಗೆ ಕೊಡುತ್ತಿದ್ದರು, ಬೆಳಕಿಗೆ ಬಣ್ಣ ಇಳಿದು ಸರಕು ವಾಪಸು ಬರುತ್ತಿತ್ತು. ಒಂದೇ ಪುಡಿಯನ್ನು ಪಾರದರ್ಶಕ ಕವರಿನಲ್ಲೂ ಬೆಳ್ಳಿಬಣ್ಣದ ಪೌಚಿನಲ್ಲೂ ತುಂಬಿ ಕಚೇರಿಯ ಕಿಟಕಿಯಲ್ಲಿಟ್ಟೆವು. ತಿಂಗಳೊಳಗೆ ವ್ಯತ್ಯಾಸ ಕಣ್ಣಿಗೇ ಕಂಡಿತು. ಆದರೆ ಮುದ್ರಿಸಿದ ಪೌಚು ಬೇಕೆಂದರೆ ತಯಾರಕರು ಸಾವಿರಗಟ್ಟಲೆ ಆರ್ಡರ್ ಕೇಳುತ್ತಾರೆ. ನಾವು ಖಾಲಿ ಪೌಚನ್ನು ಒಟ್ಟಾಗಿ ತರಿಸಿ, ಸ್ಟಿಕ್ಕರ್ ಹಚ್ಚಿ, ಬ್ಯಾಚ್ ಸಂಖ್ಯೆ ಹೊಡೆದು ಕೊಡುತ್ತೇವೆ. ಪೌಚಿಗೆ 60 ಪೈಸೆಯಷ್ಟು ಉಳಿಯುತ್ತದೆ. ಎಲ್ಲಿಂದ ತರಿಸುತ್ತೇವೆ ಎಂಬುದನ್ನು ಕೇಳಬೇಡಿ. ಸರ್ಕಾರದ ಬೆಂಬಲದ ಆನ್‌ಲೈನ್ ಮಾರಾಟ ಜಾಲ ಒಎನ್‌ಡಿಸಿಯಲ್ಲಿ ರೊಟ್ಟಿ ಮಾರಲು ಹೋದದ್ದು ಮಾತ್ರ ಕೈಗೂಡಲಿಲ್ಲ, ಅರ್ಧದಷ್ಟು ರೊಟ್ಟಿ ಕೊರಿಯರಿನಲ್ಲೇ ಮುರಿದವು.

ಈಗ ಸದಸ್ಯತ್ವದಿಂದ ತಿಂಗಳಿಗೆ 70 ಸಾವಿರ, ಪೌಚಿನಿಂದ ಹತ್ತು-ಹದಿನೈದು, ಪಿಎಂಎಫ್‌ಎಂಇಯದು ಬಂದಾಗ ಬಂತು. ಬಾಡಿಗೆ 12 ಸಾವಿರ, ಉಳಿದದ್ದು ಸಂಬಳ. ಬಿಟ್ಟು ಹೋದ ಸಿಬ್ಬಂದಿಯಲ್ಲಿ ಒಬ್ಬಳು ಹುಡುಗಿ ವಾಪಸು ಬಂದಿದ್ದಾಳೆ, ಈಗ ನಾಲ್ವರಿದ್ದೇವೆ. ಗದಗ, ಹಾವೇರಿ, ದಾವಣಗೆರೆ ಕಡೆಯವರು ಶುರು ಮಾಡುವುದಾದರೆ ದಸರಾ ಮುಗಿದ ಕೂಡಲೇ ಹತ್ತು ಘಟಕಗಳ ಬಿಲ್ ಪುಸ್ತಕ ಹಿಡಿದು ಕೂಡ್ರಿ. ಫೆಬ್ರವರಿಯಲ್ಲಿ ಹೊರಟರೆ ಚಲನ್‌ಗಳನ್ನು ಹುಡುಕುವುದರಲ್ಲೇ ಮಾರ್ಚ್ ಮುಗಿಯುತ್ತದೆ.