ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವುದು ಹೇಗೆ?

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಲ್ಲೇ ಹೋಗಿ, ಕೋರ್ಟಿನ ವರಾಂಡದಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಿವಿಗೆ ಬೀಳುವ ಸಲಹೆ ಒಂದೇ: ‘ಒಪ್ಪಿಕೊಂಡು ದಂಡ ಕಟ್ಟಿ ಹೋಗಿಬಿಡು ಮಾರಾಯ, ಯಾರು ಅಲೆಯೋದು!’ ಕುಡಿದು ಬೈಕ್ ಓಡಿಸಿದವನಿಗೂ ಅದೇ ಮದ್ದು, ಇಸ್ಪೀಟಿನಲ್ಲಿ ಸಿಕ್ಕಿಬಿದ್ದವನಿಗೂ ಅದೇ, ಬೇಲಿ ಜಗಳದಲ್ಲಿ ಕೈಮಾಡಿದವನಿಗೂ ಅದೇ. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುವುದು ಎಷ್ಟೋ ಸಲ ಸರಿಯಾದ ದಾರಿಯೇ. ಆದರೆ ತಾನು ಏನನ್ನು ಒಪ್ಪಿಕೊಂಡೆ ಎಂಬುದು ದಂಡ ಕಟ್ಟಿ ಹೊರಗೆ ಬಂದ ಮೇಲೂ ಗೊತ್ತಿಲ್ಲದವರನ್ನು ಕಂಡೂ ಕಂಡೂ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ ಓದಿ

ಸಮನ್ಸ್ ಬಂದ ದಿನವೇ ಒಪ್ಪಿಕೊಳ್ಳಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಪೊಲೀಸರು ಹಾಕಿದ ಚಾರ್ಜ್‌ಶೀಟ್‌ನ ನಕಲನ್ನು ನಿಮಗೆ ಪುಕ್ಕಟೆಯಾಗಿ ಕೊಡಬೇಕು. ಅದನ್ನು ತೆಗೆದುಕೊಂಡು ‘ಓದಲು ಒಂದು ವಾಯಿದೆ ಕೊಡಿ ಸ್ವಾಮಿ’ ಎಂದು ಕೇಳಿ. ಮೊದಲ ದಿನವೇ ಒಪ್ಪಿಕೊಳ್ಳಬೇಡಿ. ಇದು ನನ್ನ ಖಡಾಖಂಡಿತ ಮಾತು.

ಓದುವಾಗ ನೋಡಬೇಕಾದ್ದು ಸೆಕ್ಷನ್. ಬೇಲಿ ಜಗಳದಲ್ಲಿ ಕೈಯಲ್ಲಿ ಹೊಡೆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 115(2). ಒಂದು ವರ್ಷದವರೆಗೆ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಜಗಳದಲ್ಲಿ ತೋಟದ ಕತ್ತಿ ಬೀಸಿ ಗಾಯ ಮಾಡಿದ್ದೀರಿ ಎಂದು ಬರೆದಿದ್ದರೆ 118(1). ಸಜೆ ಮೂರು ವರ್ಷದವರೆಗೆ ಏರುತ್ತದೆ. ‘ಹೊಡೆದದ್ದು ಹೌದು’ ಎಂಬ ನಿಮ್ಮ ಒಂದು ಮಾತು ಈ ಎರಡರಲ್ಲಿ ಯಾವುದರ ಮೇಲೆ ಹೋಗಿ ಕೂರುತ್ತದೆ ಎಂಬುದು ಮೊದಲೇ ಗೊತ್ತಿರಲಿ.

ಇನ್ನೊಂದು, 115(2) ರಾಜಿಗೆ ಬರುವ ಅಪರಾಧ. ಏಟು ತಿಂದ ಪಕ್ಕದ ತೋಟದವರು ಒಪ್ಪಿದರೆ ಕೋರ್ಟಿನಲ್ಲೇ ರಾಜಿಯಾಗಬಹುದು. ರಾಜಿಯಾದರೆ ಕಾನೂನಿನ ಲೆಕ್ಕದಲ್ಲಿ ನೀವು ಖುಲಾಸೆ, ಒಪ್ಪಿಕೊಂಡರೆ ಅಪರಾಧಿ. ಹಬ್ಬಕ್ಕೆ ಒಟ್ಟಿಗೆ ಕೂತು ಉಂಡು ಜಗಳ ಮರೆತವರು ಕೂಡ ಕೋರ್ಟಿಗೆ ಬಂದು ತಪ್ಪೊಪ್ಪಿಕೊಂಡು ಅಪರಾಧಿ ಎನಿಸಿಕೊಂಡು ಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ.

ವಕೀಲರು

ಜೊತೆಗೆ ವಕೀಲರು ಇರಲಿ. ದುಡ್ಡಿಲ್ಲವೆಂದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಕೋರ್ಟಿನ ಗೇಟಿನ ಹತ್ತಿರ ‘ಸಾವಿರ ಕೊಡಿ, ಸಾಹೇಬರಿಗೆ ಹೇಳಿ ದಂಡ ಕಮ್ಮಿ ಮಾಡಿಸ್ತೀನಿ’ ಎನ್ನುವವರಿಗೆ ಕಾಸು ಕೊಡಬೇಡಿ. ಹೆಸರು ತುಂಬಲು ಜಾಗ ಬಿಟ್ಟು ಅಚ್ಚು ಹಾಕಿದ ತಪ್ಪೊಪ್ಪಿಗೆ ಮೆಮೊ ಸಿಕ್ಕರೆ ಅದಕ್ಕೂ ರುಜು ಹಾಕಬೇಡಿ. ನಿಮ್ಮ ಮಾತನ್ನು ಆ ಹಾಳೆ ಬಲ್ಲದೆ?

ಕಟಕಟೆಯ ಆ ಎರಡು ನಿಮಿಷ

ಕೆಲಸ ಕೆಡುವುದು ಇಲ್ಲಿಯೇ. ಹೆಸರು ಕೂಗುತ್ತಾರೆ, ನೀವು ಹೋಗಿ ನಿಲ್ಲುತ್ತೀರಿ. ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ವಾರಂಟ್ ಕೇಸಾದರೆ ದೋಷಾರೋಪ ಬರೆದು ಓದಿ ವಿವರಿಸುತ್ತಾರೆ. ಅದಕ್ಕಿಂತ ಚಿಕ್ಕದಾದ ಸಮನ್ಸ್ ಕೇಸಿನಲ್ಲಿ ಆರೋಪದ ಸಾರಾಂಶ ಹೇಳಿದರೆ ಸಾಕು. ಆಮೇಲೆ ಪ್ರಶ್ನೆ: ‘ಒಪ್ಪಿಕೊಳ್ತೀರಾ, ಇಲ್ಲ ವಿಚಾರಣೆ ಬೇಕಾ?’

ಎಲ್ಲರ ಬಾಯಿಂದ ಬರುವುದು ‘ತಪ್ಪಾಯ್ತು ಸ್ವಾಮಿ.’ ನಮ್ಮಲ್ಲಿ ಕಾಲು ತಾಗಿದರೂ ತಪ್ಪಾಯ್ತು ಎನ್ನುತ್ತೇವೆ. ಅದು ಮರ್ಯಾದೆಯ ಮಾತೇ ಹೊರತು ಆರೋಪಕ್ಕೆ ಉತ್ತರವಲ್ಲ. ಸಮನ್ಸ್ ಕೇಸಿನಲ್ಲಿ ಒಪ್ಪಿಗೆಯನ್ನು ಆದಷ್ಟೂ ಆರೋಪಿ ಆಡಿದ ಮಾತುಗಳಲ್ಲೇ ಬರೆದುಕೊಳ್ಳಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 275. ಇದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 252 ಆಗಿತ್ತು. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ, ವಿಷಯ ಬದಲಾಗಿಲ್ಲ. ಮಹಂತ ಕೌಶಲ್ಯ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಹಳೆಯ ನಿಯಮವನ್ನು ಕಡ್ಡಾಯ ಎಂದು ಹೇಳಿದೆ.

ಆದ್ದರಿಂದ ಮಾಡಿದ ಕೆಲಸವನ್ನು ಬಾಯಿಬಿಟ್ಟು ಹೇಳಿ. ‘ಆ ದಿನ ರಾತ್ರಿ ಕುಡಿದು ಬೈಕ್ ಓಡಿಸಿದ್ದೆ, ಒಪ್ಪಿಕೊಳ್ತೇನೆ’: ಇದು ಒಪ್ಪಿಗೆ. ‘ಹೊಡೆದದ್ದು ನಿಜ, ಆದರೆ ಮೊದಲು ಕತ್ತಿ ಎತ್ತಿದ್ದು ಅವನೇ’: ಇದು ಒಪ್ಪಿಗೆಯಲ್ಲ, ಆತ್ಮರಕ್ಷಣೆಯ ವಾದ. ‘ಇಸ್ಪೀಟು ಆಡುವಲ್ಲಿ ಇದ್ದದ್ದು ಹೌದು, ನೋಡ್ತಾ ನಿಂತಿದ್ದೆ’: ಇದೂ ಪೂರಾ ಒಪ್ಪಿಗೆಯಲ್ಲ. ‘ಆದರೆ’ ಬಂದ ಕೂಡಲೇ ಒಳ್ಳೆಯ ಮ್ಯಾಜಿಸ್ಟ್ರೇಟರು ಪೆನ್ನು ನಿಲ್ಲಿಸುತ್ತಾರೆ, ಒಪ್ಪಿಲ್ಲ ಎಂದು ಬರೆದು ಸಾಕ್ಷಿ ವಿಚಾರಣೆಗೆ ದಿನ ಕೊಡುತ್ತಾರೆ. ನಿಮ್ಮ ಮನಸ್ಸಿನಲ್ಲಿ ಒಂದು ‘ಆದರೆ’ ಇದ್ದರೆ ಅದನ್ನು ನುಂಗಬೇಡಿ. ಪಕ್ಕದಲ್ಲಿ ನಿಂತವರು ಅಂಗಿ ಜಗ್ಗಿದರೂ ಸರಿ.

ಭಾಷೆಯದು ಇನ್ನೊಂದು ತೊಡಕು. ಕೋರ್ಟಿನ ಕಾಗದ ಕನ್ನಡದಲ್ಲಿರುತ್ತದೆ. ತೋಟದ ಕೂಲಿಯವರ ಲೈನ್‌ಮನೆಯಿಂದ ಬಂದ ಯರವ ಬುಡಕಟ್ಟಿನ ಅಜ್ಜನಿಗೆ, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹುಡುಗನಿಗೆ ಆ ಕಾಗದದ ಕನ್ನಡ ಅರ್ಥವಾಗುವುದಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ತಲೆಯಾಡಿಸಿದ್ದು ಒಪ್ಪಿಗೆಯಾಗಬಾರದು. ‘ಗೊತ್ತಾಗಲಿಲ್ಲ, ನಮ್ಮ ಭಾಷೆಯಲ್ಲಿ ಹೇಳಿಸಿ’ ಎಂದು ಕೇಳುವುದು ಅವರ ಹಕ್ಕು. ತೋಟದ ಲೆಕ್ಕ ಬರೆಯುವ ರೈಟರು ಜೊತೆಗೆ ಬಂದು ‘ಅವನು ಒಪ್ಪಿಕೊಳ್ತಾನೆ ಸಾರ್’ ಎಂದರೆ ನಡೆಯದು, ಆರೋಪಿಯೇ ಹೇಳಬೇಕು.

ಒಪ್ಪಿದ ಮಾತ್ರಕ್ಕೆ ಕೋರ್ಟು ಸ್ವೀಕರಿಸಲೇಬೇಕೆಂದೂ ಇಲ್ಲ. ಒಪ್ಪಿಗೆಯನ್ನು ದಾಖಲಿಸಬೇಕು, ಅದರ ಮೇಲೆ ಶಿಕ್ಷೆಗೆ ಗುರಿ ಮಾಡುವುದು ನ್ಯಾಯಾಧೀಶರ ವಿವೇಚನೆ. ಹೆದರಿಸಿ ಹೇಳಿಸಿದ್ದು, ಅರ್ಥವಾಗದೆ ಹೇಳಿದ್ದು ಎನಿಸಿದರೆ ಪಕ್ಕಕ್ಕಿಟ್ಟು ಸಾಕ್ಷಿ ಕರೆಸಬಹುದು. ಕೊಲೆಯಂಥ ಕೇಸುಗಳಲ್ಲಿ ಆರೋಪಿ ಒಪ್ಪಿಕೊಂಡರೂ ಸಾಕ್ಷಿ ಕೇಳದೆ ಶಿಕ್ಷೆ ಕೊಡದಿರುವುದು ಸೆಷನ್ಸ್ ಕೋರ್ಟುಗಳ ರೂಢಿ. ಠಾಣೆಯಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಅಲ್ಲೇ ಹೇಳಿಯಾಗಿದೆ, ಇನ್ನೇನು’ ಎಂದು ಕೈಚೆಲ್ಲಬೇಡಿ.

ಕೆಲವರಿಗೆ ‘ಒಪ್ಪಿಕೋ, ಬರೀ ದಂಡ’ ಎಂದು ಆಸೆ ತೋರಿಸಿರುತ್ತಾರೆ. ನಮ್ಮ ರಾಜ್ಯದ್ದೇ ತಿಪ್ಪೇಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಗುರ ಶಿಕ್ಷೆಯ ಭರವಸೆ ಕೊಟ್ಟು ಒಪ್ಪಿಸಿ ಆಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದಿತು. ಆದರೆ ಅಂಥ ಭರವಸೆ ಇತ್ತೆಂದು ತೋರಿಸಿಕೊಳ್ಳಲು ನೀವು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾದೀತು. ಚೌಕಾಸಿ ಮಾಡಲೇಬೇಕಿದ್ದರೆ ಕಾನೂನಿನಲ್ಲೇ ದಾರಿಯಿದೆ, ಅದರ ಹೆಸರು ಪ್ಲೀ ಬಾರ್ಗೇನಿಂಗ್. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ, ದೋಷಾರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು. ಹೆಂಗಸರು, ಮಕ್ಕಳ ಮೇಲಿನ ಅಪರಾಧಗಳಿಗೆ ಇಲ್ಲ. ನ್ಯಾಯಾಧೀಶರು ಆರೋಪಿಯನ್ನು ಗೋಪ್ಯವಾಗಿ ಕೂರಿಸಿಕೊಂಡು ಸ್ವಂತ ಇಚ್ಛೆಯೇ ಎಂದು ಕೇಳುತ್ತಾರೆ. 2006ರಿಂದ ಇದೆ, ಬಳಸುವವರು ಮಾತ್ರ ಕಡಿಮೆ.

ಶಿಕ್ಷೆ

ಒಪ್ಪಿದ ಮೇಲೆ ಮೌನವಾಗಿ ನಿಲ್ಲಬೇಡಿ. ಮೊದಲ ತಪ್ಪು, ವಯಸ್ಸು, ಮನೆಯ ಸ್ಥಿತಿ ಹೇಳಿ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟೋ ಮುಚ್ಚಳಿಕೆ ಬರೆಸಿಕೊಂಡೋ ಬಿಡುವಂತೆ ಕೇಳಿ. ಕೇಳದಿದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಕುಡಿದು ಓಡಿಸಿದ ಕೇಸನ್ನು ಸಿಗ್ನಲ್ ದಂಡದ ಹಾಗೆ ತಿಳಿಯಬೇಡಿ. ಮೋಟಾರು ವಾಹನ ಕಾಯ್ದೆಯ 185ರಲ್ಲಿ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಜೊತೆಗೆ ಅದೇ ಕಾಯ್ದೆಯ ಸೆಕ್ಷನ್ 20ರ ಪ್ರಕಾರ ಕನಿಷ್ಠ ಆರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಹೋಂಸ್ಟೇ ಜೀಪು, ಟ್ಯಾಕ್ಸಿ ಓಡಿಸಿ ಬದುಕುವವರಿಗೆ ಹತ್ತು ಸಾವಿರಕ್ಕಿಂತ ಈ ಆರು ತಿಂಗಳೇ ಭಾರ. ಇದನ್ನು ವರಾಂಡದ ಸಲಹೆಗಾರರು ಹೇಳುವುದಿಲ್ಲ.

ಕೊಡಗಿನವರು ನೆನಪಿಡಬೇಕಾದ್ದು ಕೋವಿಯ ವಿಷಯ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸ್ ಪಡೆಯುವುದರಿಂದ ಮಾತ್ರ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಎಷ್ಟೇ ದಿನದ ಸಜೆಯಾಗಿರಲಿ, ಅದು ಮುಗಿದು ಐದು ವರ್ಷ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುವ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 9 ಹಾಗೇ ಇದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಕೋವಿ ಪೂಜೆ ಮಾಡುವ ಮನೆಯವರು ಹೊಡೆದಾಟದ ಕೇಸಿನಲ್ಲಿ ಒಪ್ಪಿಕೊಳ್ಳುವ ಮುಂಚೆ ಇದನ್ನು ವಕೀಲರ ಹತ್ತಿರ ಕೇಳಿಯೇ ಮುಂದುವರಿಯಬೇಕು.

ಆಮೇಲೆ

ದಂಡವನ್ನು ಅದೇ ದಿನ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕಟ್ಟದಿದ್ದರೆ ಆದೇಶದಲ್ಲಿ ಬರೆದಷ್ಟು ದಿನದ ಸಜೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಕೋರ್ಟ್ ದಂಡ ಪಾವತಿ’ ಲಿಂಕ್ ಒತ್ತಬೇಡಿ, ಅದು ಖಾತೆ ಖಾಲಿ ಮಾಡುವ ಆ್ಯಪ್ ಆಗಿರಬಹುದು. ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಒಪ್ಪಿಕೊಂಡವರಿಗೆ ಅಪರಾಧ ನಿರ್ಣಯದ ಮೇಲೆ ಮೇಲ್ಮನವಿಯಿಲ್ಲ, ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯ ಬಗ್ಗೆ ಮಾತ್ರ ಪ್ರಶ್ನಿಸಬಹುದು (ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 416). ಅದಕ್ಕೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ. ಮ್ಯಾಜಿಸ್ಟ್ರೇಟರು ಬರೀ ನೂರು ರೂಪಾಯಿಯೊಳಗಿನ ದಂಡ ಹಾಕಿದ್ದರೆ ಅದೂ ಇಲ್ಲ.