ರೇಸ್ ಲಾಯದ ದುಡಿಮೆ ಮುಗಿಸಿ ಬಂದವರು ನೆರವು ಪಡೆಯುವುದು ಹೇಗೆ?

ಬೆಂಗಳೂರು, ಮೈಸೂರಿನ ರೇಸ್ ಲಾಯಗಳಲ್ಲಿ ಕುದುರೆಯ ಮೈ ತಿಕ್ಕಿ, ಲದ್ದಿ ಬಾಚಿ ಆಯುಷ್ಯ ಸವೆಸಿದವರು ತೀರ್ಥಹಳ್ಳಿ, ಹೊಸನಗರದ ಕಡೆಗೆ ಮರಳುವಾಗ ಜೊತೆಗೆ ತರುವುದು ಸೊಂಟನೋವು ಮತ್ತು ಒಂದಿಷ್ಟು ಹಳೆಯ ಕಾಗದ. ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನಮ್ಮ ಮಳೆಗಾಲ ಅದನ್ನು ಉಳಿಸುವುದಿಲ್ಲ. ದತ್ತಿ ಹಣ ಕೇಳುವ ಮೊದಲು ಹಕ್ಕಿನ ಹಣ ಕೇಳಬೇಕು, ಅದಕ್ಕೆ ಆಧಾರ ಈ ಕಾಗದವೇ.

ಮೊದಲು, ಸಂಬಳ ಕೊಟ್ಟವರು ಯಾರೆಂದು ನೋಡಿ. ಸೈಸ್‌ಗಳನ್ನು, ಅಂದರೆ ಕುದುರೆ ನೋಡಿಕೊಳ್ಳುವ ಆಳುಗಳನ್ನು, ಸಾಮಾನ್ಯವಾಗಿ ನೇಮಿಸಿಕೊಳ್ಳುವವರು ಕುದುರೆ ಪಳಗಿಸುವ ಟ್ರೇನರ್‌ಗಳು, ರೇಸ್ ನಡೆಸುವ ಟರ್ಫ್ ಕ್ಲಬ್ ಅಲ್ಲ. ಟ್ರೇನರ್ ಬದಲಾದಾಗಲೆಲ್ಲ ಹೊಸ ಪಿಎಫ್ (ಭವಿಷ್ಯ ನಿಧಿ) ಖಾತೆ ತೆರೆದಿರಬಹುದು. ಎಲ್ಲವನ್ನೂ ಒಂದೇ ಯುಎಎನ್‌ಗೆ, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಗೆ, ಸೇರಿಸಿ. ಒಟ್ಟು ಸೇವೆ 10 ವರ್ಷವಾಗಿದ್ದರೆ 58ನೇ ವಯಸ್ಸಿಗೆ ಪಿಂಚಣಿ ಬರುತ್ತದೆ. ಅರ್ಜಿ ನಮೂನೆ 10ಡಿ. ಪಿಎಫ್ ಕಚೇರಿ ಶಿವಮೊಗ್ಗದಲ್ಲೇ ಇದೆ. ಆಧಾರ್‌ನಲ್ಲಿ ‘ಮಂಜಪ್ಪ’, ಪಿಎಫ್‌ನಲ್ಲಿ ‘ಮಂಜು’ ಎಂದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಹೆಸರಿನ ತಿದ್ದುಪಡಿ ಮೊದಲು ಆಗಲಿ.

ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಲಗಾಮು ಹಿಡಿದು, ಊರಿಗೆ ಬಂದ ಮೇಲೆ ಅಡಿಕೆ ಸುಲಿದು ಬೆರಳಿನ ಗೆರೆ ಅಳಿಸಿಹೋದವರನ್ನು ಯಂತ್ರ ಗುರುತಿಸುವುದೇ ಇಲ್ಲ. ಅಂಥವರು ಬೆರಳಚ್ಚಿಗೆ ಪಟ್ಟು ಹಿಡಿಯದೆ ಮೊಬೈಲ್‌ನಲ್ಲಿ ಮುಖ ಗುರುತಿಸುವ ವಿಧಾನವನ್ನು ಕೇಳಬೇಕು.

ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ವಿಷಯದಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಟರ್ಫ್ ಕ್ಲಬ್‌ಗಳಿಗೂ ಇಎಸ್‌ಐ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಕನಿಷ್ಠ 5 ವರ್ಷ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ-ಹೆಂಡತಿ ಇಬ್ಬರಿಗೂ ಚಿಕಿತ್ಸೆ ಸಿಗುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ದೊಡ್ಡ ಆಸರೆ ಬೇರೆಲ್ಲೂ ನನಗೆ ಕಂಡಿಲ್ಲ. ಕುದುರೆ ಒದ್ದು ಕಾಯಂ ಅಂಗವೈಕಲ್ಯ ಆಗಿದ್ದರೆ ಮಾಸಿಕ ಪರಿಹಾರವೂ ಉಂಟು. ಅಪಘಾತದ ದಿನದ ಆಸ್ಪತ್ರೆ ಚೀಟಿ ಹುಡುಕಿ. ಪಿಂಚಣಿ ಯಾವುದೂ ಇಲ್ಲದ 65 ದಾಟಿದ ಬಡವರು ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಎಂಬ ಸರ್ಕಾರಿ ವೃದ್ಧಾಪ್ಯ ಪಿಂಚಣಿಗೆ ಅರ್ಜಿ ಹಾಕಬಹುದು.

ಇಷ್ಟಾದ ಮೇಲೆ ದತ್ತಿ ನೆರವಿನ ಪತ್ರ. ಬ್ರಿಟನ್ನಿನಲ್ಲಿ ಗಾಯಗೊಂಡ ಜಾಕಿಗಳಿಗೆಂದು 1964ರಲ್ಲೇ ನಿಧಿ ಹುಟ್ಟಿತು. ಲಾಯದ ಕೆಲಸಗಾರರನ್ನೂ ನಿವೃತ್ತರನ್ನೂ ರೇಸಿಂಗ್ ವೆಲ್‌ಫೇರ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಕ್ಲಬ್ ಕಾರ್ಯದರ್ಶಿಗೂ ಹಳೆಯ ಟ್ರೇನರ್‌ಗೂ ಕುದುರೆ ಮಾಲೀಕರಿಗೂ ಬೇರೆ ಬೇರೆಯಾಗಿ ಬರೆಯುವುದೇ ದಾರಿ. ‘ದಯೆ ತೋರಿ’ ಎಂದು ಅಂಗಲಾಚಬೇಡಿ. ‘ನಿಮ್ಮ ಲಾಯದಲ್ಲಿ 16 ವರ್ಷ ಸೈಸ್ ಆಗಿದ್ದೆ, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಇಷ್ಟು ಖರ್ಚು, ಸರ್ಕಾರಿ ಯೋಜನೆಯಿಂದ ಇಷ್ಟು ಬಂದಿದೆ, ಇಷ್ಟು ಕೊರತೆ’ ಎಂದು ಒಂದೇ ಪುಟದಲ್ಲಿ ಬರೆಯಿರಿ. ಆಸ್ಪತ್ರೆಯ ಅಂದಾಜು ಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹಳೆಯ ಗುರುತಿನ ಚೀಟಿಯ ನಕಲು ಲಗತ್ತಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿಯನ್ನು ಅದೇ ಚೀಲಕ್ಕೆ ಸೇರಿಸಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಆ ರಸೀದಿಯ ಸಂಖ್ಯೆ ನಮೂದಿಸಿ ಮತ್ತೆ ಬರೆಯಿರಿ.